ಕೃಷಿಹೊಂಡದಲ್ಲಿ ಮೀನು ಸಾಕಣೆ: ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿ, ಶಿಡ್ಲಘಟ್ಟ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೊಂಡ ತೋಡಿಸಿದವರು, ತೋಡಿಸಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಯೂಟ್ಯೂಬಿನಲ್ಲಿ ಸಿಗುವ ಲೆಕ್ಕಗಳಲ್ಲಿ ಹೆಚ್ಚಿನವು ಆಂಧ್ರದ ಕರಾವಳಿ ಜಿಲ್ಲೆಗಳವು. ಅಲ್ಲಿ ಕಾಲುವೆ ನೀರುಂಟು, ಎಕರೆಗಟ್ಟಲೆ ಕೊಳಗಳುಂಟು. ನಮ್ಮದು ನಾಲ್ಕು ಗುಂಟೆ ಹೊಂಡ, ಬೋರ್‌ವೆಲ್ ನೀರು. ಆ ಲೆಕ್ಕ ಇಲ್ಲಿ ಕೂರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಇಲ್ಲಿ ಮೀನು ಸಾಕಣೆ ನಡೆಯುತ್ತದೆಯೆ?

ನಡೆಯುತ್ತದೆ. ಪಾಲಾರ್, ಪೆನ್ನಾರ್ ನಮ್ಮ ಸೀಮೆಯಲ್ಲೇ ಹುಟ್ಟಿದರೂ ಇಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಹಿಂದಿನವರು ಊರಿಗೊಂದು ಕೆರೆ ಕಟ್ಟಿದರು. ವರ್ಷಕ್ಕೆ 700 ಮಿ.ಮೀ. ಆಜುಬಾಜು ಮಳೆ, ಅದರ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮೊದಲು ಕೇಳಿಕೊಳ್ಳಬೇಕಾದ್ದು ‘ಯಾವ ಮೀನು’ ಎಂದಲ್ಲ, ‘ನನ್ನ ಹೊಂಡದಲ್ಲಿ ಐದಡಿ ನೀರು ಎಷ್ಟು ತಿಂಗಳು ನಿಲ್ಲುತ್ತದೆ’ ಎಂದು. ಎಂಟು ತಿಂಗಳಿಗಿಂತ ಹೆಚ್ಚು ನಿಂತರೆ ಮುಕ್ಕಾಲು ಕೆ.ಜಿ., ಒಂದು ಕೆ.ಜಿ. ಮೀನು ಬೆಳೆಸಬಹುದು. ಐದಾರು ತಿಂಗಳಷ್ಟೇ ಆದರೆ ದೊಡ್ಡ ಮರಿ ಬಿಟ್ಟು ಬೇಗ ಹಿಡಿಯಬೇಕು. ಮೂರು ತಿಂಗಳಾದರೆ ಸಣ್ಣ ಮರಿ ತಂದು ಬೆರಳುದ್ದ ಬೆಳೆಸಿ ಬೇರೆ ಸಾಕಣೆದಾರರಿಗೆ ಮಾರುವುದೊಂದೇ ದಾರಿ. ಮರಿಯ ಗಾತ್ರ, ಸಂಖ್ಯೆ, ಜಾತಿ, ಮೇವಿನ ಖರ್ಚು ಎಲ್ಲವೂ ಈ ಒಂದು ಉತ್ತರದ ಹಿಂದೆ ಬರುತ್ತವೆ.

ಹೊಂಡ ಎಷ್ಟು ದೊಡ್ಡದಿರಬೇಕು?

ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿಸಿದ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮೇಲಿನ ವಿಸ್ತೀರ್ಣ 441 ಚದರ ಮೀಟರ್, ಅಂದರೆ ನಾಲ್ಕು ಗುಂಟೆಗಿಂತ ಚೂರು ಹೆಚ್ಚು. ಬದಿ ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿಯುವಂತೆ ಇಳಿಜಾರಾಗಿದ್ದರೆ ತಳ 15 ಮೀಟರ್ ಚೌಕಕ್ಕೆ ಬರುತ್ತದೆ. ತುಂಬಿದಾಗ ಹತ್ತಿರ ಹತ್ತಿರ 9.8 ಲಕ್ಷ ಲೀಟರ್ ಹಿಡಿಯುತ್ತದೆ. ಮೀನಿಗೆ ಇಷ್ಟು ಸಾಕು. 10 ಮೀಟರ್ ಚೌಕದ ಹೊಂಡದಲ್ಲಿ ಮನೆಖರ್ಚಿಗೆ ಸಾಕಿಕೊಳ್ಳಬಹುದೇ ಹೊರತು ಮಾರಾಟದ ಲೆಕ್ಕ ಹಾಕಬೇಡಿ.

ಮೀನಿಗೆ ಬೇಕಾದ ಆಳ ಐದರಿಂದ ಆರೂವರೆ ಅಡಿ. ಅದಕ್ಕಿಂತ ಕಡಿಮೆಯಾದರೆ ಏಪ್ರಿಲ್ ಬಿಸಿಲಿಗೆ ನೀರು ಕಾದುಹೋಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 6ರಿಂದ 8 ಮಿ.ಮೀ. ನೀರು ಆವಿಯಾಗುತ್ತದೆ, ಅಂದರೆ ತಿಂಗಳಿಗೆ ಮುಕ್ಕಾಲು ಅಡಿ. ಟೊಮೆಟೊಗೋ ಹಿಪ್ಪುನೇರಳೆಗೋ ಇದೇ ಹೊಂಡದಿಂದ ನೀರು ಹಾಯಿಸುವವರು ಒಂದು ಮಟ್ಟಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ಅದರ ಕೆಳಗಿನ ನೀರು ಮೀನಿನದು ಎಂದು ಮನೆಯವರೆಲ್ಲ ಒಪ್ಪಿಕೊಳ್ಳಬೇಕು. ಮೀನು ಸಾಯುವುದು ರೋಗಕ್ಕಿಂತ ಹೆಚ್ಚಾಗಿ ಈ ಗೆರೆ ಮೀರುವುದರಿಂದ.

ಟಾರ್ಪಾಲು ಹಾಸಿದ ಹೊಂಡದಲ್ಲಿ ಮೀನು ಬೆಳೆಯುತ್ತದೆಯೆ, ಮಣ್ಣಿನದೇ ಆಗಬೇಕೆ?

ಮೀನಿನ ದೃಷ್ಟಿಯಿಂದ ಮಣ್ಣಿನ ಹೊಂಡವೇ ಮೇಲು. ತಳದ ಮಣ್ಣಿನಲ್ಲಿ ಹುಳು, ಕೊಳೆತ ಎಲೆ, ಸೂಕ್ಷ್ಮಜೀವಿ ಇದ್ದರೆ ತಳದಲ್ಲಿ ಮೇಯುವ ಮೃಗಾಲ್, ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನುಗಳಿಗೆ ಆಹಾರವೂ ನೀರಿಗೆ ಗೊಬ್ಬರವೂ ಸಿಗುತ್ತದೆ. ಆದರೆ ನಮ್ಮ ಕೆಂಪು ಮಣ್ಣಿನಲ್ಲಿ ನೀರು ನಿಲ್ಲಬೇಕಲ್ಲ! ಕೆರೆಯ ಜೇಡಿ ಗೋಡು ತಂದು ತಳಕ್ಕೆ ಹಾಕಿ ತುಳಿಸಿದರೆ ಸೋರಿಕೆ ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಸೋರುವ ಹೊಂಡದ ಮಣ್ಣಿಗಿಂತ ನಿಂತ ನೀರಿನ ಟಾರ್ಪಾಲು ವಾಸಿ. ಹಾಸಿದ ಹಾಳೆಯ ಮೇಲೆ ತಳದಲ್ಲಿ ಅರ್ಧ ಅಡಿ ಕಲ್ಲಿಲ್ಲದ ಮಣ್ಣು ಹರಡಿದರೆ ಎರಡರ ಲಾಭವೂ ಸ್ವಲ್ಪ ಸ್ವಲ್ಪ ದಕ್ಕುತ್ತದೆ. ಮೀನು ಹಿಡಿಯುವಾಗ ಬಲೆಯ ಕೆಳಗಿನ ಸೀಸದ ಗುಂಡು ಹಾಳೆಗೆ ತಗುಲಿ ಹರಿಯದಂತೆ ನೋಡಿಕೊಳ್ಳಿ.

ಮರಿ ಬಿಡುವ ಮುಂಚೆ ಹೊಂಡಕ್ಕೆ ಏನು ಮಾಡಬೇಕು?

ಬೇಸಿಗೆಯಲ್ಲಿ ಒಣಗಲು ಬಿಡಿ. ಉಳಿದ ಕಡೆಯವರು ಹಳೆಯ ಮೀನು, ಕೊರವ, ಕಳೆ ಮೀನು ತೆಗೆಯಲು ಹೆಕ್ಟೇರಿಗೆ 2,500 ಕೆ.ಜಿ. ಹಿಪ್ಪೆ ಹಿಂಡಿ ಹಾಕುತ್ತಾರೆ. ಅದರ ನಂಜು ಇಳಿಯಲು ಎರಡು ಮೂರು ವಾರ ಕಾಯಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು ಅದನ್ನು ಪುಕ್ಕಟೆ ಮಾಡಿಕೊಡುತ್ತದೆ. ತಳದ ಮಣ್ಣು ಬಿರುಕು ಬಿಡುವಷ್ಟು ಒಣಗಿದರೆ ಕೊಳೆತದ್ದಕ್ಕೆ ಗಾಳಿ ತಾಕಿ ಕೆಟ್ಟ ಗ್ಯಾಸ್ ಹೋಗುತ್ತದೆ, ಪರಾವಲಂಬಿಗಳ ಮೊಟ್ಟೆಯೂ ಸಾಯುತ್ತವೆ. ಬರಗಾಲದ ಸೀಮೆಗೆ ಇರುವ ಒಂದೇ ಅನುಕೂಲ ಇದು, ಬಳಸಿಕೊಳ್ಳಿ. ಬರೀ ಟಾರ್ಪಾಲಿನ ಹೊಂಡ ಮಾತ್ರ ಖಾಲಿ ಬಿಸಿಲಿಗೆ ಬಹಳ ದಿನ ಬಿಡಬಾರದು, ಹಾಳೆ ಸೀಳುತ್ತದೆ.

ಸುಣ್ಣ ಹಾಕಲೇಬೇಕೆ?

ಎಲ್ಲರೂ ಹಾಕುತ್ತಾರೆಂದು ಹಾಕುವುದಲ್ಲ. ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ ನೋಡಿ ಹಾಕಬೇಕು. ಮಣ್ಣಿನ ಪಿಎಚ್ 6.5ರಿಂದ 7ರ ನಡುವೆ ಇದ್ದರೆ ಹೆಕ್ಟೇರಿಗೆ ವರ್ಷಕ್ಕೆ 500 ಕೆ.ಜಿ., 7ರಿಂದ 7.5 ಇದ್ದರೆ 200 ಕೆ.ಜಿ. ಎಂಬುದು ಸಾಮಾನ್ಯ ಶಿಫಾರಸು. ನಮ್ಮ 21 ಮೀಟರ್ ಹೊಂಡಕ್ಕೆ ಅದು 22 ಕೆ.ಜಿ. ಮತ್ತು 9 ಕೆ.ಜಿ. ಆಗುತ್ತದೆ. ಆಳದ ಬೋರ್‌ವೆಲ್ ನೀರು ಮೊದಲೇ ಗಡಸು, ಹಲವು ಕಡೆ ಪಿಎಚ್ 8ರ ಹತ್ತಿರ. ಅಂಥ ನೀರಿಗೆ ಮೂಟೆಗಟ್ಟಲೆ ಸುಣ್ಣ ಸುರಿದರೆ ಮಧ್ಯಾಹ್ನದ ಹೊತ್ತಿಗೆ ಪಿಎಚ್ 9 ದಾಟಿ ಮೀನಿಗೆ ಕಷ್ಟ. ಪಿಎಚ್ ನೋಡುವ ಪಟ್ಟಿ ಅಗ್ಗದ ವಸ್ತು. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸುವುದಾದರೆ ಚಿಂತಾಮಣಿ ತಾಲೂಕಿನ ಕುರುಬೂರು, ಕೋಲಾರದ ಟಮಕ, ತುಮಕೂರಿನ ಹಿರೇಹಳ್ಳಿ, ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ.

ಬೋರ್‌ವೆಲ್ ನೀರು ತುಂಬಿಸಿ ಅದೇ ದಿನ ಮರಿ ಬಿಡಬಹುದೆ?

ಬೇಡ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಜಾಸ್ತಿ. ಪೈಪನ್ನು ಎತ್ತರದಲ್ಲಿಟ್ಟು ಕಲ್ಲು ಚಪ್ಪಡಿಯ ಮೇಲೆ ಬಿದ್ದು ಚೆಲ್ಲಾಡುವಂತೆ ಬಿಡಿ. ಗೊಬ್ಬರ ಹಾಕಿ ನೀರಿಗೆ ಬಣ್ಣ ಬರುವವರೆಗೆ ಹತ್ತು ಹದಿನೈದು ದಿನ ಕಾದು ಆಮೇಲೆ ಮರಿ ತನ್ನಿ.

ಯಾವ ಮೀನು, ಎಷ್ಟು ಮರಿ?

ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ಮಿಶ್ರ ಸಾಕಣೆಯ ತಿರುಳೇ ಇದು. ನೂರಕ್ಕೆ 40 ಕಾಟ್ಲಾ, 30 ರೋಹು, 30 ಮೃಗಾಲ್ ಎಂಬುದು ಪುಸ್ತಕದ ಪ್ರಮಾಣ. ಕೃಷಿಹೊಂಡಕ್ಕೆ ನಾನು ಇದನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ. ಕಾಟ್ಲಾಗೆ ಓಡಾಡಲು ವಿಶಾಲವಾದ ನೀರು ಬೇಕು, ಸಣ್ಣ ಹೊಂಡದಲ್ಲಿ ಅದರ ಬೆಳವಣಿಗೆ ಮಂಕು. ಮೃಗಾಲ್ ತಳ ಬಿಟ್ಟು ಬಲೆಗೆ ಬರಲು ಸತಾಯಿಸುತ್ತದೆ. ಆದ್ದರಿಂದ ಕಾಟ್ಲಾ ಕಡಿಮೆ ಮಾಡಿ, ಮೃಗಾಲ್ ಜಾಗದಲ್ಲಿ ಸಾಮಾನ್ಯ ಗೆಂಡೆ ಹಾಕಿ. ಬದುವಿನ ಹುಲ್ಲು, ಸೊಪ್ಪು ದಂಡಿಯಾಗಿದ್ದರೆ ಹುಲ್ಲುಗೆಂಡೆ ಒಂದಿಪ್ಪತ್ತು ಇರಲಿ. ಬೆಳ್ಳಿಗೆಂಡೆ ಬೇಡ, ಅದು ಕಾಟ್ಲಾದ ಆಹಾರಕ್ಕೇ ಬಾಯಿ ಹಾಕುತ್ತದೆ, ಹಿಡಿದ ಮೇಲೆ ಬೇಗ ಮೆತ್ತಗಾಗುತ್ತದೆ.

ಸಾಮಾನ್ಯ ಗೆಂಡೆಗೆ ಎರಡು ಕೆಟ್ಟ ಚಾಳಿ ಉಂಟು. ಮಣ್ಣಿನ ಏರಿಯನ್ನು ಮೂತಿಯಿಂದ ಕೆದಕಿ ಜರಿಸುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೇ ಮೊಟ್ಟೆಗೆ ಬಂದು ಹೊಂಡದಲ್ಲೇ ಮರಿ ಮಾಡಿ ಸಂಖ್ಯೆ ಏರಿಸಿಬಿಡುತ್ತದೆ. ಅಮೂರ್ ಗೆಂಡೆ ತಳಿ ಬೇಗ ಬೆಳೆಯುತ್ತದೆ, ಮೊಟ್ಟೆಗೆ ಬರುವುದು ತಡ. ಬೆಂಗಳೂರು ಹತ್ತಿರದ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ಈ ತಳಿಯ ಮೇಲೆ ಕೆಲಸವಾಗಿದೆ. ಸಿಕ್ಕರೆ ಅದನ್ನೇ ತನ್ನಿ.

ಸಂಖ್ಯೆಗೆ ಬಂದರೆ, ಹೆಕ್ಟೇರಿಗೆ 5,000ದಿಂದ 10,000 ಬೆರಳುದ್ದದ ಮರಿ. ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇಲ್ಲದ ನಮ್ಮ ಹೊಂಡಕ್ಕೆ ಚದರ ಮೀಟರಿಗೆ ಒಂದಕ್ಕಿಂತ ಕಡಿಮೆಯೇ ಇರಲಿ, ಅಂದರೆ 350 ಸಾಕು. ‘ಇನ್ನೊಂದು ಸಾವಿರ ಹಾಕಿ ಅಣ್ಣಾ, ಏನಾಗಲ್ಲ’ ಎಂದು ಮರಿ ಮಾರುವವರು ಹೇಳುತ್ತಾರೆ. ಅವರ ಕೆಲಸ ಮರಿ ಮಾರುವುದು. ಮರಿ ಹೆಚ್ಚಾದರೆ ಮೀನು ಹೆಚ್ಚಾಗುವುದಿಲ್ಲ, ಎಲ್ಲವೂ ಅಂಗೈ ಅಗಲಕ್ಕೇ ನಿಂತುಬಿಡುತ್ತವೆ.

ಕ್ಯಾಟ್‌ಫಿಶ್ ಬೇಗ ಬೆಳೆಯುತ್ತದಂತೆ, ಹಾಕಬಹುದೆ? ಜಿಲೇಬಿ?

ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ. ಅದು ಬೇರೆ ಮೀನುಗಳನ್ನೆಲ್ಲ ತಿಂದುಹಾಕುತ್ತದೆ, ಮಳೆಗೆ ಕೋಡಿ ಬಿದ್ದಾಗ ಕೆರೆಗೆ ಸೇರಿದರೆ ಮತ್ತೆ ತೆಗೆಯಲಾಗುವುದಿಲ್ಲ. ಕೋಳಿ ಅಂಗಡಿಯ ಕಸ ಹಾಕಿ ಇದನ್ನು ಸಾಕುವವರಿಂದ ಸುತ್ತಲ ಬೋರ್‌ವೆಲ್ ನೀರೂ ಕೆಡುತ್ತದೆ. ಜಿಲೇಬಿ, ಅಂದರೆ ತಿಲಾಪಿಯಾ ಸಾಕಲು ಇಲಾಖೆಯ ಅನುಮತಿ ಬೇಕು, ಷರತ್ತುಗಳೂ ಇವೆ. ಅನುಮತಿಯಿಲ್ಲದೆ ಕೆರೆಯಿಂದ ಹಿಡಿದು ತಂದು ಬಿಟ್ಟರೆ ನಾಲ್ಕು ತಿಂಗಳಲ್ಲಿ ಹೊಂಡದ ತುಂಬ ಅದರ ಮರಿಯೇ.

ಮರಿ ಯಾವಾಗ ತರಬೇಕು? ತಂದ ದಿನವೇ ಅರ್ಧ ಸತ್ತುಹೋಗುತ್ತವಲ್ಲ?

ಮರಿ ಉತ್ಪಾದನೆ ಮುಂಗಾರಿನ ಕೆಲಸ. ನದಿಯಲ್ಲಿ ಮಾತ್ರ ಮೊಟ್ಟೆ ಇಡುತ್ತಿದ್ದ ಗೆಂಡೆಗಳನ್ನು ಹಾರ್ಮೋನ್ ಚುಚ್ಚಿ ಕೊಳದಲ್ಲೇ ಮರಿ ಮಾಡಿಸುವ ವಿಧಾನವನ್ನು ಡಾ. ಹೀರಾಲಾಲ್ ಚೌಧುರಿ 1957ರ ಜುಲೈ 10ರಂದು ಒಡಿಶಾದಲ್ಲಿ ಸಾಧಿಸಿದರು. ಆ ದಿನವನ್ನೇ ಈಗ ಮೀನು ಕೃಷಿಕರ ದಿನವೆಂದು ಆಚರಿಸುವುದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸರ್ಕಾರಿ ಫಾರಂಗಳಲ್ಲೂ ಖಾಸಗಿಯವರಲ್ಲೂ ಮರಿ ಸಿಗುತ್ತದೆ. ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಜೂನ್‌ನಲ್ಲೇ ಹೆಸರು ಬರೆಸಿ.

ಮೂರು ನಾಲ್ಕು ಅಂಗುಲದ ಮರಿಗೆ ದುಡ್ಡು ಜಾಸ್ತಿ ಎಂದು ಸೊಳ್ಳೆ ಗಾತ್ರದ್ದನ್ನು ತಂದರೆ ಕೊನೆಗೆ ದುಬಾರಿಯಾಗುವುದು ಅದೇ. ತಂದ ಚೀಲವನ್ನು ಬಿಚ್ಚದೆ ಹಾಗೇ ಹೊಂಡದ ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಒಂದೊಂದೇ ಚೊಂಬು ಸೇರಿಸುತ್ತ ಬನ್ನಿ. ಚೀಲವನ್ನು ಓರೆ ಮಾಡಿದರೆ ಗಟ್ಟಿಯಿರುವ ಮರಿಗಳು ತಾವಾಗಿ ಈಜಿಕೊಂಡು ಹೋಗುತ್ತವೆ. ಇದೆಲ್ಲ ಬೆಳಿಗ್ಗೆ ಅಥವಾ ಸಂಜೆ ತಂಪು ಹೊತ್ತಿನಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ ಟೆಂಪೊದಿಂದ ಇಳಿಸಿ ದಬಕ್ಕನೆ ಸುರಿದರೆ ಅರ್ಧ ಸಾಯದೆ ಇನ್ನೇನು?

ನೀರು ಹಸಿರಾಗಿದೆ. ಒಳ್ಳೆಯದೋ ಕೆಟ್ಟದ್ದೋ?

ತಿಳಿ ಹಸಿರು, ಕಂದು ಮಿಶ್ರಿತ ಹಸಿರು ಒಳ್ಳೆಯದು. ಅದು ಕಣ್ಣಿಗೆ ಕಾಣದ ಪ್ಲವಕಗಳ ಬಣ್ಣ, ಮೀನಿನ ಅಗ್ಗದ ಊಟ. ಬಣ್ಣ ಎಷ್ಟಿರಬೇಕೆಂದು ತಿಳಿಯಲು ಬಿಸಿಲಿರುವಾಗ ಕೈಯನ್ನು ನೆಟ್ಟಗೆ ನೀರಿಗಿಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಾಯವಾದರೆ ಸರಿ. ಅಳತೆಯಲ್ಲಿ ಹೇಳುವುದಾದರೆ 25ರಿಂದ 40 ಸೆಂ.ಮೀ. ಅದಕ್ಕೂ ಮೊದಲೇ, ಮಣಿಕಟ್ಟು ದಾಟುತ್ತಿದ್ದ ಹಾಗೆ ಮಾಯವಾದರೆ ಪಾಚಿ ವಿಪರೀತ, ಗೊಬ್ಬರ ನಿಲ್ಲಿಸಿ. ಮೊಣಕೈ ದಾಟಿ ಮುಳುಗಿಸಿದರೂ ಬೆರಳು ಕಾಣುತ್ತಿದ್ದರೆ ನೀರಿನಲ್ಲಿ ಸತ್ವವಿಲ್ಲ. ಬಣ್ಣ ಹಸಿರಲ್ಲದೆ ಕೆಂಪು ಮಣ್ಣಿನದಾಗಿದ್ದರೆ ಈ ಪರೀಕ್ಷೆ ನಡೆಯದು.

ಸಗಣಿ ಹೆಕ್ಟೇರಿಗೆ ವರ್ಷಕ್ಕೆ 10ರಿಂದ 15 ಟನ್. ನಮ್ಮ ಹೊಂಡಕ್ಕೆ ಹತ್ತು ಟನ್ನಿನ ಲೆಕ್ಕ ಹಿಡಿದರೂ 440 ಕೆ.ಜಿ. ಮರಿ ಬಿಡುವ ಹದಿನೈದು ದಿನ ಮುಂಚೆ 90 ಕೆ.ಜಿ., ಆಮೇಲೆ ತಿಂಗಳಿಗೆ 30–35 ಕೆ.ಜಿ. ಕದಡಿ ಹಾಕಿ. ಹಾಲಿನ ಡೇರಿ ಇಲ್ಲದ ಊರು ನಮ್ಮಲ್ಲಿಲ್ಲ, ಸಗಣಿಗೆ ಬರವೂ ಇಲ್ಲ. ಹಾಗೆಂದು ಕೊಟ್ಟಿಗೆ ತೊಳೆದ ನೀರನ್ನು ದಿನಾ ಹೊಂಡಕ್ಕೇ ತಿರುಗಿಸಿಬಿಡುವುದು ಮಾತ್ರ ಬೇಡ. ಎಷ್ಟು ಹೋಯಿತೆಂಬ ಲೆಕ್ಕ ತಪ್ಪುತ್ತದೆ.

ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಹಸಿವೆಯೆ?

ಅಲ್ಲ, ಉಸಿರು ಕಟ್ಟಿದೆ. ಆ ಹೊತ್ತಿಗೆ ಮೇವು ಹಾಕಿದರೆ ಇನ್ನೂ ಕೆಡುತ್ತದೆ.

ಹಗಲಲ್ಲಿ ಪಾಚಿ, ಪ್ಲವಕ ಬಿಸಿಲಿಗೆ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಉಸಿರಾಡುತ್ತವೆ, ಮೀನೂ ಉಸಿರಾಡುತ್ತದೆ, ತಳದಲ್ಲಿ ಕೊಳೆಯುವ ಸಗಣಿಗೂ ಬೇಕು. ಹೀಗೆ ಇಳಿಯುತ್ತ ಬಂದು ಸೂರ್ಯ ಹುಟ್ಟುವ ಮುಂಚೆ ತೀರಾ ಕಡಿಮೆಯಾಗುತ್ತದೆ. ಲೀಟರಿಗೆ 5 ಮಿ.ಗ್ರಾಂ. ಇದ್ದರೆ ಮೀನು ಸುಖವಾಗಿರುತ್ತದೆ. 3ರ ಕೆಳಗೆ ಇಳಿದರೆ ಮೇವು ಬಿಡುತ್ತದೆ, ಇನ್ನೂ ಇಳಿದರೆ ಮೇಲೆ ಬಂದು ಬಾಯಿ ಬಿಡುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಹಿಡಿಯುವುದು ಸುಮಾರು 9 ಮಿ.ಗ್ರಾಂ., 30 ಡಿಗ್ರಿಯದ್ದು ಏಳೂವರೆ. ನಾವಿರುವುದು ಎತ್ತರದ ಬಯಲು, ಇನ್ನಷ್ಟು ಕಳೆಯಿರಿ.

ಎರಡು ದಿನ ಮೋಡ ಮುಚ್ಚಿ ಸೆಖೆಯಿದ್ದು ಗಾಳಿ ಆಡದೆ ಇದ್ದರೆ ಆ ರಾತ್ರಿ ಎಚ್ಚರವಾಗಿರಿ. ದೊಡ್ಡ ಮೀನು ಮೊದಲು ಹೋಗುತ್ತದೆ. ಬಂದು ನೋಡಿದಾಗ ಕಾಟ್ಲಾ ಸತ್ತು ತೇಲುತ್ತಿದ್ದು ಸಣ್ಣವು ಓಡಾಡಿಕೊಂಡಿದ್ದರೆ ಯಾರೋ ವಿಷ ಹಾಕಿದರೆಂದು ಪಕ್ಕದ ಹೊಲದವರ ಮೇಲೆ ಜಗಳಕ್ಕೆ ಹೋಗಬೇಡಿ. ವಿಷವಾದರೆ ಸಣ್ಣದು ದೊಡ್ಡದು ಎನ್ನದೆ, ಹೊತ್ತು ಗೊತ್ತು ಎನ್ನದೆ ಸಾಯುತ್ತವೆ.

ತಕ್ಷಣಕ್ಕೆ ಮಾಡಬೇಕಾದ್ದು ಇಷ್ಟು. ಹೊಂಡದ ನೀರನ್ನೇ ಮೋಟರಿನಿಂದ ಎತ್ತಿ ಸ್ಪ್ರಿಂಕ್ಲರ್‌ನಲ್ಲಿ ಮತ್ತೆ ಹೊಂಡದ ಮೇಲೇ ಚಿಮ್ಮಿಸಿ. ಬೋರ್‌ವೆಲ್ ನೀರಿದ್ದರೆ ಅದನ್ನೂ ಎತ್ತರದಿಂದ ಬೀಳಿಸಿ. ಮೂರು ದಿನ ಮೇವು, ಸಗಣಿ ಎರಡೂ ನಿಲ್ಲಿಸಿ. ನಮ್ಮಲ್ಲಿ ತೊಡಕು ಕರೆಂಟಿನದು. ತ್ರಿಫೇಸ್ ಬರುವ ಪಾಳಿ ಹಗಲಾಗಿದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಮೋಟರ್ ಹೇಗೆ ಓಡುತ್ತದೆ? ಸಿಂಗಲ್ ಫೇಸ್‌ನಲ್ಲಿ ಓಡುವ ಅರ್ಧ ಎಚ್‌ಪಿ ಪಂಪು ಒಂದನ್ನು ಮೀನಿಗೆಂದೇ ಇಟ್ಟುಕೊಳ್ಳಿ. ದುಬಾರಿ ಏರೇಟರ್‌ಗಿಂತ ಮೊದಲು ಕೊಳ್ಳಬೇಕಾದ್ದು ಇದು.

ಏನು ತಿನ್ನಿಸಬೇಕು, ಎಷ್ಟು?

ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ. ಹಿಂಡಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ತೌಡು ಕಲಸಿ, ಮುದ್ದೆ ಮಾಡಿ ತಟ್ಟೆಯಲ್ಲೋ ತೂತು ಮಾಡಿದ ಗೊಬ್ಬರದ ಚೀಲದಲ್ಲೋ ನೀರಿಗೆ ಇಳಿಬಿಡಿ. ಒಣ ತೌಡನ್ನು ಗಾಳಿಗೆ ತೂರಿದರೆ ಅರ್ಧ ಏರಿಯ ಮೇಲೆ, ಅರ್ಧ ತಳಕ್ಕೆ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಹಸುವಿಗೆ ಹೇಗೋ ಮೀನಿಗೂ ಹಾಗೇ, ಬೇಡ. ತೇಲುವ ಗುಳಿಗೆ ಮೇವು ಸಲೀಸು, ತಿಂದದ್ದು ಬಿಟ್ಟದ್ದು ಕಣ್ಣಿಗೆ ಕಾಣುತ್ತದೆ, ಬೆಲೆ ಮಾತ್ರ ಜಾಸ್ತಿ. ಗೆಂಡೆಗಳಿಗೆ 24ರಿಂದ 28 ಶೇಕಡಾ ಪ್ರೋಟೀನ್ ಇರುವ ಗುಳಿಗೆ ಸಾಕು, ಅದಕ್ಕಿಂತ ಮೇಲಿನದ್ದಕ್ಕೆ ದುಡ್ಡು ಸುರಿಯಬೇಡಿ.

ಮರಿಯಾಗಿದ್ದಾಗ ಒಟ್ಟು ಮೀನಿನ ತೂಕದ ಶೇಕಡಾ 5, ಬೆಳೆಯುತ್ತ ಹೋದಂತೆ 3, ಕೊನೆಗೆ 2. ತಿಂಗಳಿಗೊಮ್ಮೆ ಬೀಸುಬಲೆಯಲ್ಲಿ ಇಪ್ಪತ್ತು ಮೀನು ಹಿಡಿದು, ನೀರಿರುವ ಬಕೆಟ್ಟಿನಲ್ಲಿಟ್ಟು ತೂಗಿ. ಇಪ್ಪತ್ತಕ್ಕೆ 4 ಕೆ.ಜಿ. ಬಂದರೆ ತಲಾ 200 ಗ್ರಾಂ. ಹೊಂಡದಲ್ಲಿ 300 ಉಳಿದಿವೆ ಎಂದಿಟ್ಟುಕೊಂಡರೆ ಒಟ್ಟು 60 ಕೆ.ಜಿ., ಮೂರರ ಲೆಕ್ಕದಲ್ಲಿ ದಿನಕ್ಕೆ 1.8 ಕೆ.ಜಿ. ಮೇವು, ಎರಡು ಹೊತ್ತಿಗೆ ಹಂಚಿ. ಒಂದು ಗಂಟೆ ಬಿಟ್ಟು ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಕಮ್ಮಿ ಮಾಡಿ. ತೂಗದೆ ಅಂದಾಜಿನಲ್ಲಿ ಹಾಕುವವರದು ದುಡ್ಡು ತಳ ಸೇರುತ್ತದೆ, ಅದೇ ಕೊಳೆತು ಆಮ್ಲಜನಕವನ್ನೂ ತಿನ್ನುತ್ತದೆ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ನೂಲು ತೆಗೆದ (ರೀಲಿಂಗ್) ಮೇಲೆ ಉಳಿಯುವ ಪ್ಯೂಪಾ (ಗೂಡಿನೊಳಗಿನ ಹುಳು) ಹಾಕಬಹುದೆ?

ಹಾಕಬಹುದು, ನಮ್ಮ ಸೀಮೆಗೇ ದಕ್ಕಿದ ಮೇವು ಅದು. ಒಣಗಿದ ಪ್ಯೂಪಾದಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನ್, ಕಾಲು ಭಾಗದಷ್ಟು ಕೊಬ್ಬು. ಕೊಬ್ಬು ಹೆಚ್ಚಿರುವುದರಿಂದಲೇ ಬೇಗ ಕಮಟುತ್ತದೆ, ಹಸಿಯಾಗಿ ಒಂದು ದಿನವೂ ಇಡುವಂತಿಲ್ಲ. ಬಿಸಿಲಿಗೆ ಗರಿಗರಿ ಒಣಗಿಸಿ ಪುಡಿ ಮಾಡಿ ತೌಡು ಹಿಂಡಿಗೆ ಬೆರೆಸಿ. ಹತ್ತು ಪಾಲಿನಲ್ಲಿ ಒಂದೋ ಎರಡೋ ಪಾಲು ಸಾಕು. ಮೀನು ಹಿಡಿಯುವ ಎರಡು ಮೂರು ವಾರ ಮುಂಚೆ ನಿಲ್ಲಿಸಿಬಿಡಿ, ಇಲ್ಲದಿದ್ದರೆ ಸಾರಿನಲ್ಲಿ ಆ ವಾಸನೆ ಬರುತ್ತದೆ ಎಂದು ಗಿರಾಕಿ ಗೊಣಗುತ್ತಾರೆ. ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ಸೊಪ್ಪನ್ನು ಹುಲ್ಲುಗೆಂಡೆ ತಿನ್ನುತ್ತದೆ. ಆದರೆ ಹುಳುವಿನ ಹಾಸಿಗೆಗೆ ಸೋಂಕು ನಿವಾರಕ ಪುಡಿ ಉದುರಿಸಿದ್ದ ಕಸ ಹೊಂಡಕ್ಕೆ ಬೀಳಬಾರದು.

ಹೊಂಡದ ಪಕ್ಕವೇ ಟೊಮೆಟೊ, ದ್ರಾಕ್ಷಿ. ಔಷಧಿ ಹೊಡೆದರೆ ಮೀನಿಗೆ ತೊಂದರೆಯೆ?

ಈ ಪ್ರಶ್ನೆ ಕೇಳುವವರು ಕಡಿಮೆ, ನಷ್ಟವಾದ ಮೇಲೆ ಬರುವವರು ಹೆಚ್ಚು.

ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಜಾತಿಯ ಔಷಧಿಗಳು ಮನುಷ್ಯರಿಗೆ ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ವಿಷ ಮೀನಿಗೆ. ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ಸೇರಿದರೂ ಗೆಂಡೆ ಸಾಯಬಹುದು. ಲೆಕ್ಕ ಹಾಕಿ ನೋಡಿ. ಅಂಗಡಿಯಲ್ಲಿ ಸಿಗುವ 10 ಶೇಕಡಾ ಸೈಪರ್‌ಮೆಥ್ರಿನ್ 50 ಮಿ.ಲೀ.ನಲ್ಲಿ 5 ಗ್ರಾಂ ವಿಷ ಇರುತ್ತದೆ. ತುಂಬಿದ ಹೊಂಡದ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರಿಗೆ ಅದು ಬೆರೆತರೆ ಲೀಟರಿಗೆ 5 ಮೈಕ್ರೋಗ್ರಾಂ ಆಯಿತು. ಬೇಸಿಗೆಯಲ್ಲಿ ನೀರು ಅರ್ಧಕ್ಕೆ ಇಳಿದಿದ್ದರೆ 25 ಮಿ.ಲೀ. ಸಾಕು. ಅಂದರೆ ಖಾಲಿಯಾಯಿತೆಂದು ಅಂದುಕೊಂಡ ಡಬ್ಬಿಯನ್ನು ಹೊಂಡದಲ್ಲಿ ಜಾಲಾಡಿಸುವುದು, ಕ್ಯಾನು ತೊಳೆಯುವುದು, ಔಷಧಿ ಬೆರೆಸುವ ಡ್ರಮ್ಮನ್ನು ಏರಿಯ ಮೇಲೆ ಇಟ್ಟುಕೊಂಡು ಬಗ್ಗಿ ನೀರು ತುಂಬುವುದು, ಇಷ್ಟರಿಂದಲೇ ವರ್ಷದ ಮೀನು ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಹುಳು ಸಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪಕ್ಕದ ತೋಟದವರು ಸಿಂಪಡಿಸಿದ ಗಾಳಿ ಹಿಪ್ಪುನೇರಳೆಗೆ ತಾಕಿದರೆ ಏನಾಗುತ್ತದೆಂದು ಅವರು ಕಂಡಿರುತ್ತಾರೆ.

ಡ್ರಮ್ಮು ಹೊಂಡದಿಂದ ದೂರ, ಇಳಿಜಾರಿನ ಕೆಳಗಿರಲಿ. ಹೊಂಡದ ಕಡೆಗೆ ಗಾಳಿ ಬೀಸುವಾಗ ಸಿಂಪಡಿಸಬೇಡಿ. ಹೊಲದ ಮೊದಲ ಮಳೆಯ ನೀರು ಹೊಂಡಕ್ಕೆ ನುಗ್ಗದಂತೆ ಕಾಲುವೆ ತಿರುಗಿಸಿ, ಎರಡನೆಯ ಮಳೆಗೆ ಬಿಡಿ. ಕೂಲಿಗೆ ಬಂದು ಔಷಧಿ ಹೊಡೆಯುವವರಿಗೆ ಅವತ್ತವತ್ತೇ ಬಾಯಿಬಿಟ್ಟು ಹೇಳಿ.

ಚಳಿಗಾಲದಲ್ಲಿ ಮೈಮೇಲೆ ಕೆಂಪು ಗಾಯ ಬರುತ್ತದೆ. ಏನು ಮಾಡುವುದು?

ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಸುತ್ತಮುತ್ತ ರಾತ್ರಿ ಚಳಿ ಜೋರು. ನೀರು ತಣ್ಣಗಾದಾಗ ಮೀನಿನ ಅರಗಿಸುವ ಶಕ್ತಿಯೂ ರೋಗ ತಡೆಯುವ ಶಕ್ತಿಯೂ ಕುಗ್ಗುತ್ತವೆ. ಆಗ ಬರುವ ಹುಣ್ಣಿನ ರೋಗಕ್ಕೆ ಒಂದು ಬಗೆಯ ಬೂಷ್ಟು ಕಾರಣ. ಚಳಿ ಶುರುವಾಗುವ ಮುಂಚೆ, ಪಿಎಚ್ ನೋಡಿಕೊಂಡು, ಹೊಂಡಕ್ಕೆ ಒಂದಿಷ್ಟು ಸುಣ್ಣದ ತಿಳಿ ಹಾಕುವುದು ಮುನ್ನೆಚ್ಚರಿಕೆ. ಬಂದ ಮೇಲೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಎಂಬ ಔಷಧಿ ಇದೆ, ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ 1 ಲೀಟರ್. ಚಳಿಯಲ್ಲಿ ಮೇವನ್ನು ಅರ್ಧಕ್ಕಿಳಿಸಿ, ಬಿಸಿಲೇರಿದ ಮೇಲೆ ಹಾಕಿ.

ಬರಿಗಣ್ಣಿಗೆ ಕಾಣುವ ಚಪ್ಪಟೆ ಹೇನು ಮೈಗೆ ಅಂಟಿದ್ದರೆ ಮೀನು ಏರಿಗೆ, ಕಲ್ಲಿಗೆ ಮೈ ಉಜ್ಜುತ್ತದೆ. ಈ ಹೇನು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆ ಇಡುತ್ತದೆ. ಬಿದಿರು ದಬ್ಬೆಗಳನ್ನು ನೀರಿನಲ್ಲಿ ಇಳಿಬಿಟ್ಟು ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿದರೆ ಸಂಖ್ಯೆ ಇಳಿಯುತ್ತದೆ. ಬೆಳೆಗೆ ಹೊಡೆಯುವ ಔಷಧಿಯನ್ನೇ ಅಂದಾಜಿನಲ್ಲಿ ಹೊಂಡಕ್ಕೆ ಹಾಕಿ ನೋಡುವ ಸಾಹಸ ಬೇಡ.

ಹಕ್ಕಿ ಕಾಟ?

ನೀರುಕಾಗೆ ಮರಿಗಳನ್ನು ಮುಗಿಸಿಬಿಡುತ್ತದೆ. ಹೊಂಡದ ಮೇಲೆ ಅಡ್ಡಡ್ಡ ನೈಲಾನ್ ದಾರ ಕಟ್ಟಿ, ಮೊದಲ ಎರಡು ತಿಂಗಳು ಕಟ್ಟಿದ್ದರೂ ಸಾಕು. ಹಕ್ಕಿಗೆ ವಿಷ, ಉರುಳು ಇಡುವುದು ಕಾನೂನಿಗೂ ವಿರುದ್ಧ. ಶಿರಾ ತಾಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಮರದಲ್ಲೇ ಕೊಕ್ಕರೆ ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ.

ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ನೀರು ಬಂದ ಕೆರೆಯಲ್ಲಿ ಮೀನು ಸಾಕಬಹುದೆ?

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲು ಶುರುವಾದದ್ದು 2018ರಲ್ಲಿ. ಚಿಕ್ಕಬಳ್ಳಾಪುರದ ಕಡೆಗೆ ಬಂದದ್ದು ಹೆಬ್ಬಾಳ–ನಾಗವಾರ ಕಣಿವೆಯ ನೀರು. ಈ ನೀರಿನಲ್ಲಿ ಸಾರಜನಕ, ರಂಜಕ ಮೊದಲೇ ಹೇರಳ. ಅದಕ್ಕೇ ಪಾಚಿ, ಅಂತರಗಂಗೆ ಬೇಗ ಹಬ್ಬುತ್ತವೆ. ಇಂಥ ಕೆರೆಗೆ ಗೊಬ್ಬರ ಹಾಕುವ ಮಾತೇ ಇಲ್ಲ, ಮೇವೂ ಕಡಿಮೆ ಸಾಕು. ಕಾಡುವುದು ಬೆಳಗಿನ ಜಾವದ ಆಮ್ಲಜನಕ. ಮರಿ ಸಂಖ್ಯೆ ಇಳಿಸಿ, ಹರಡುವ ಗಿಡಗಳನ್ನು ಕಿತ್ತು ದಡಕ್ಕೆ ಹಾಕಿಸಿ. ನೊರೆ ಅಥವಾ ಕೆಟ್ಟ ವಾಸನೆ ಕಂಡ ದಿನ ಮೀನು ಹಿಡಿದು ಮಾರಬೇಡಿ, ನೀರು ಪರೀಕ್ಷೆಗೆ ಕೊಡಿ.

ಊರ ಕೆರೆ ಗುತ್ತಿಗೆ ಯಾರು ಕೊಡುತ್ತಾರೆ? ಸಬ್ಸಿಡಿ ಇದೆಯೆ?

ಸಣ್ಣ ಕೆರೆ, ಕುಂಟೆ ಗ್ರಾಮ ಪಂಚಾಯಿತಿಯದು. ದೊಡ್ಡವನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇಕಡಾ 60 ಸಹಾಯಧನ ಎಂದು ನಿಗದಿಯಾಯಿತು. ಮೀನು ಸಾಕುವವರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಕೂಡ ಸಿಗುತ್ತದೆ. ಸಬ್ಸಿಡಿ ಕೆಲಸ ಮುಗಿದ ಮೇಲೆ ಬರುವ ದುಡ್ಡು. ಅದು ಬಂದರೆ ಹೊಂಡ ತೋಡಿಸುತ್ತೇನೆ ಎಂದು ಕೂತರೆ ಆಗದು.

ಬಯೋಫ್ಲಾಕ್ ತೊಟ್ಟಿ ಹಾಕಿಸಲೆ?

ಬಯೋಫ್ಲಾಕ್ ಅಂದರೆ ತೊಟ್ಟಿಯಲ್ಲಿ ಮೀನನ್ನು ದಟ್ಟವಾಗಿ ಸಾಕಿ, ಅದರ ಹಿಕ್ಕೆಯನ್ನು ಸೂಕ್ಷ್ಮಜೀವಿಗಳಿಂದ ಮತ್ತೆ ಮೇವಾಗಿಸುವ ವಿಧಾನ. ಅದಕ್ಕೆ ದಿನದ 24 ಗಂಟೆ ಗಾಳಿ ಊದುವ ಯಂತ್ರ ನಡೆಯಬೇಕು. ನಿಂತು ಒಂದೆರಡು ಗಂಟೆಯಾದರೂ ಮೀನು ಹೋಗಬಹುದು. ನಿಮ್ಮ ಊರಿನ ಕರೆಂಟು ನಿಮಗೇ ಗೊತ್ತು. ಮೊದಲು ಹೊಂಡದಲ್ಲಿ ಎರಡು ಬೆಳೆ ತೆಗೆದು ಕೈ ಪಳಗಿಸಿಕೊಳ್ಳಿ.

ಹೊಂಡದ ಸುತ್ತ ಬೇಲಿ ಬೇಕೇಬೇಕೆ?

ಬೇಕೇಬೇಕು. ಇದರಲ್ಲಿ ರಾಜಿಯಿಲ್ಲ. ಟಾರ್ಪಾಲಿನ ಮೇಲೆ ಪಾಚಿ ಕಟ್ಟಿದ ಮೇಲೆ ಈಜು ಬಲ್ಲವರೂ ಕಾಲೂರಿ ಮೇಲೆ ಹತ್ತಲಾರರು. ಮೀನು ನೋಡಲು ಮಕ್ಕಳು ಬಗ್ಗುತ್ತಾರೆ. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಮೇಲೆ ಗೂಟಕ್ಕೆ ಬಿಗಿದು ತಳ ಮುಟ್ಟುವಂತೆ ಇಳಿಬಿಡಿ. ಹಳೆಯ ಟ್ರಾಕ್ಟರ್ ಟ್ಯೂಬೊಂದನ್ನು ಗಾಳಿ ತುಂಬಿ ನೀರಿನಲ್ಲೇ ತೇಲಿಸಿಡಿ. ಮೇವು ಹಾಕುವ ಜಾಗಕ್ಕೆ ಮಾತ್ರ ಬಾಗಿಲಿಟ್ಟು ಬೀಗ ಹಾಕಿ.

ಯಾವಾಗ ಹಿಡಿದರೆ ಬೆಲೆ ಚೆನ್ನಾಗಿ ಸಿಗುತ್ತದೆ?

ಕೆರೆಗಳು ಬತ್ತುವ ಏಪ್ರಿಲ್, ಮೇನಲ್ಲಿ ಎಲ್ಲರ ಮೀನೂ ಒಟ್ಟಿಗೆ ಪೇಟೆಗೆ ಬರುತ್ತದೆ, ಬೆಲೆ ಬೀಳುತ್ತದೆ. ಶ್ರಾವಣದಲ್ಲಿ, ಕಾರ್ತಿಕದಲ್ಲಿ ಬಹಳ ಮನೆಗಳಲ್ಲಿ ಮಾಂಸ ಮೀನು ಇಲ್ಲ. ಸಂಕ್ರಾಂತಿ ಕಳೆದ ಮೇಲಿನಿಂದ ಯುಗಾದಿಯ ವರ್ಷತೊಡಕಿನವರೆಗೆ ಒಳ್ಳೆಯ ಕಾಲ. ಆಗಸ್ಟಿನಲ್ಲಿ ಬಿಟ್ಟ ಮರಿ ಮಾರ್ಚಿಗೆ ಏಳೆಂಟು ತಿಂಗಳದಾಗಿರುತ್ತದೆ. ಒಂದೇ ಸಲ ಬಲೆ ಎಳೆಯಬೇಡಿ. ಮುಕ್ಕಾಲು ಕೆ.ಜಿ. ದಾಟಿದ್ದನ್ನು ಭಾನುವಾರ ಭಾನುವಾರ ಹಿಡಿದು ಹೊಂಡದ ಹತ್ತಿರವೇ ಮಾರಿದರೆ, ಉಳಿದವಕ್ಕೆ ಜಾಗವೂ ಮೇವೂ ಸಿಕ್ಕು ಬೆಳೆಯುತ್ತವೆ. ಜೀವಂತ ಮೀನಿಗೆ ಊರಲ್ಲೇ ಸಿಗುವ ಬೆಲೆಯನ್ನು ಪೇಟೆಯ ದಲ್ಲಾಳಿ ಕೊಡುವುದಿಲ್ಲ. ಹಿಂದಿನ ಸಂಜೆಯೇ ವಾಟ್ಸ್ಆಪ್ ಗುಂಪಿನಲ್ಲಿ ಹಾಕಿದರೆ ಬೆಳಿಗ್ಗೆ ಏಳಕ್ಕೆ ಚೀಲ ಹಿಡಿದು ಬರುತ್ತಾರೆ. ಹಿಡಿಯುವ ಹಿಂದಿನ ದಿನ ಮೇವು ಹಾಕಬೇಡಿ.

350 ಮರಿಯಲ್ಲಿ 280 ಉಳಿದು, ತಲಾ 700 ಗ್ರಾಂ ಬಂದರೆ 196 ಕೆ.ಜಿ. ಇದು ಕಾಗದದ ಲೆಕ್ಕ. ಮೊದಲ ವರ್ಷ ಇದರ ಅರ್ಧ ಸಿಕ್ಕರೂ ಬೇಸರ ಬೇಡ.

ಮೀನು ಹಿಡಿದ ಮೇಲೆ ಹೊಂಡದ ನೀರನ್ನು ಬೆಳೆಗೆ ಬಿಡಬಹುದೆ?

ಧಾರಾಳವಾಗಿ. ಮೀನಿನ ಹಿಕ್ಕೆ, ಪಾಚಿ ಬೆರೆತ ನೀರದು, ಬೆಳೆಗೆ ಗೊಬ್ಬರದ ಜೊತೆಗೇ ಹೋಗುತ್ತದೆ. ಡ್ರಿಪ್‌ನಲ್ಲಿ ಬಿಡುವುದಾದರೆ ಫಿಲ್ಟರನ್ನು ದಿನಾ ತೊಳೆಯಬೇಕು, ಇಲ್ಲದಿದ್ದರೆ ಪಾಚಿ ಕಟ್ಟಿಕೊಳ್ಳುತ್ತದೆ. ತಳದ ಹೂಳನ್ನು ಟಾರ್ಪಾಲಿನ ಹೊಂಡದಲ್ಲಿ ಗುದ್ದಲಿ ಹಾಕದೆ ತಗಡಿನ ಬಾಣಲೆಯಲ್ಲಿ ಬಾಚಿ ತೆಗೆದು ಹಿಪ್ಪುನೇರಳೆ ಸಾಲಿಗೆ ಹಾಕಿ.